ಹಳೇ ಡಬ್ಬಾ ಹೊಕ್ಕ ಯುದ್ಧ

ಹೊಸ ಯುದ್ಧದ ಗೇಮೊಂದು ಹಳೆಯ ಕಂಪ್ಯೂಟರಿನ ಮುಂದೆ ನಿಂತು, "ಏ ಡಬ್ಬಾ, ನನ್ನನ್ನು ಹೊರುವ ಯೋಗ್ಯತೆ ನಿನಗಿದೆಯೇ?" ಎಂದಿತು.

"ಇದೆ ಸ್ವಾಮಿ. ಆ ನೆರಳುಗಳನ್ನು ಮಾತ್ರ ಹೊರಗೆ ಬಿಟ್ಟು ಬನ್ನಿ, ಭಾರ," ಎಂದಿತು ಕಂಪ್ಯೂಟರ್.

ಗೇಮ್ ನೆರಳು ಬಿಟ್ಟು ಒಳಗೆ ಕಾಲಿಟ್ಟಿತು. ಫ್ಯಾನ್ ಅರಚತೊಡಗಿತು.

"ಹುಲ್ಲನ್ನೂ ಬಿಡಿ ಸ್ವಾಮಿ. ಹೊಳೆ, ಕುದುರೆ, ಸೈನ್ಯ, ಅವೂ ಬೇಡ."

ಇಷ್ಟು ದೂರ ಬಂದು ಹಿಂದಿರುಗಿದರೆ ಮರ್ಯಾದೆ ಹೋಗುತ್ತದೆಂದು ಗೇಮ್ ಎಲ್ಲವನ್ನೂ ಬಿಟ್ಟಿತು. ಕೊನೆಗೆ ಉಳಿದದ್ದು ಒಬ್ಬ ಚಪ್ಪಟೆ ರಾಜ, ಒಬ್ಬಳು ಚಪ್ಪಟೆ ರಾಣಿ.

ಹದಿನೈದು ವರ್ಷದಿಂದ ಅದೇ ಕಂಪ್ಯೂಟರಿನಲ್ಲಿ ಬಿದ್ದುಕೊಂಡಿದ್ದ ಇಸ್ಪೀಟಿನ ಗೇಮ್ ಪಕ್ಕಕ್ಕೆ ಸರಿದು ಜಾಗ ಕೊಟ್ಟಿತು.

"ಕೂತ್ಕೊಳ್ಳಪ್ಪ," ಎಂದಿತು. "ನಾನೂ ಬರುವಾಗ ಯುದ್ಧವಾಗಿಯೇ ಬಂದಿದ್ದೆ."