ಹುಳವಿಲ್ಲದ ಜೇನುಗೂಡು

"ಕೇಳಿರಪ್ಪೋ ಕೇಳಿರಿ! ಕಂಚಿನದುರ್ಗದ ಅರಸರ ಅಪ್ಪಣೆ ಇದು! ರಾಜಕುಮಾರಿ ಚಂದಲೆಯವರು ಮೂರು ಒಗಟು ಹೇಳುತ್ತಾರೆ. ಬಿಡಿಸಿದವನು ಯಾವ ಕುಲದವನೇ ಆಗಿರಲಿ, ಅವನಿಗೆ ರಾಜಕುಮಾರಿಯನ್ನು ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ. ತಪ್ಪು ಹೇಳಿದವನಿಗೆ ಮಾರನೆಯ ಬೆಳಿಗ್ಗೆ ಗಲ್ಲು!"

ಡಂಗುರದ ಸದ್ದು ಅರಮನೆಯ ಮೋಟಾರು ಲಾಯಕ್ಕೂ ಕೇಳಿಸಿತು. ಹಳೆಯ ಡೀಸೆಲ್ ಮೋಟಾರಿನ ಗಾಜು ಒರೆಸುತ್ತಿದ್ದ ಡ್ರೈವರ್ ಮಾಳಿಂಗ ತಲೆಯೆತ್ತಿ ರಾಜಕುಮಾರಿಯ ಕಿಟಕಿಯತ್ತ ನೋಡಿದ. ಒಳಗಿನಿಂದ ಕೆಮ್ಮು ಕೇಳುತ್ತಿತ್ತು. ಹಿಂದಿನ ಚಳಿಗಾಲದಿಂದ ಅವಳ ಕೆಮ್ಮು ನಿಂತೇ ಇರಲಿಲ್ಲ. ವೈದ್ಯರು ಕಷಾಯ ಕುಡಿಸಿ ಸೋತರು. ಗಾಳಿ ಕೆಟ್ಟಿದೆ ಎಂದರು. ಅರಸ ವೀರಬಂಕ ಕುಂಬಾರರ ಆವಿಗೆ ಆರಿಸಿದ, ಕಮ್ಮಾರರ ಕುಲುಮೆ ಮುಚ್ಚಿಸಿದ. ಕೆಮ್ಮು ಮಾತ್ರ ಕಡಿಮೆಯಾಗಲಿಲ್ಲ.

ಯಾಕೆಂದು ಮಾಳಿಂಗನಿಗೆ ಗೊತ್ತಿತ್ತು. ಗೊತ್ತಿದ್ದದ್ದೇ ಅವನ ಎದೆಯ ಮೇಲೆ ಕಲ್ಲಾಗಿ ಕೂತಿತ್ತು. ಕೋಟೆಯ ಏರು ಹತ್ತುವಾಗ ಹಳೆಯ ಮೋಟಾರುಗಳು ಏದುಸಿರು ಬಿಡುತ್ತಿದ್ದವು. ಊರೂರು ತಿರುಗುವ ಮೆಕ್ಯಾನಿಕ್ಕೊಬ್ಬ ಬಂದು, "ಹೊಗೆ ತಡೆಯುವ ಸಾಮಾನು ಕಿತ್ತು ಹಾಕಿಸಿ ಪ್ರಭು, ಕುದುರೆಯ ಹಾಗೆ ಓಡುತ್ತವೆ" ಎಂದಿದ್ದ. ಆ ಸಾಮಾನು ಕೀಳಬಾರದೆಂದು ಪ್ರಜೆಗಳಿಗೆ ಕಾನೂನು ಮಾಡಿದವನೇ ವೀರಬಂಕ. ಆದರೂ ಹೂಂ ಎಂದ. ಕಿತ್ತದ್ದನ್ನೆಲ್ಲ ಆಯುಧಶಾಲೆಗೆ ಹೊರಿಸಿ, ಮಾಳಿಂಗನ ಹೆಗಲ ಮೇಲೆ ಕೈಯಿಟ್ಟು, "ಬಾಯಿ ಬಿಟ್ಟೆಯೋ, ತಲೆ ಉಳಿಯೋದಿಲ್ಲ" ಎಂದಿದ್ದ.

ಒಗಟಿನ ದಿನ ಅರಮನೆಯ ಅಂಗಳ ತುಂಬಿತು. ಚಂದಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಂದು ಕೂತಳು. ಒಗಟು ಅವಳದು, ಗಲ್ಲು ಮಾತ್ರ ಅರಸ ಸೇರಿಸಿದ್ದು.

"ಮೊದಲನೆಯದು," ಎಂದಳು. "ತಾನು ಸಾಕುವವನು ಬಿಟ್ಟ ಉಸಿರಲ್ಲಿ ಒಂದಿಷ್ಟು ಹಿಡಿದು ತಂದು ಮತ್ತೆ ಅವನಿಗೇ ಉಣಿಸುವ ದಾದಿ ಯಾರು? ಅವಳಿದ್ದರೆ ಅವನ ಒಡಲ ಕಾವು ತಗ್ಗುತ್ತದೆ, ಹೋದರೆ ಏರುತ್ತದೆ. ಎರಡನೆಯದು, ಹುಳವಿಲ್ಲದ, ತುಪ್ಪವಿಲ್ಲದ ಒಂದು ಜೇನುಗೂಡು. ಒಳಗೆ ಕತ್ತಲೆ ನುಗ್ಗುತ್ತದೆ, ಹೊರಗೆ ಬರಿಯ ಗಾಳಿ ಬರುತ್ತದೆ. ಯಾವುದದು? ಮೂರನೆಯದು, ತನ್ನ ಬಾಗಿಲು ಕಾಯುವವರನ್ನು ತಾನೇ ಓಡಿಸಿ, ಕಳ್ಳ ಎಲ್ಲಿ ಎಂದು ಊರೆಲ್ಲ ಹುಡುಕಿಸುವವನು ಯಾರು? ಯಾವುದರಿಂದ ಬೇಕಾದರೂ ಶುರುಮಾಡಿ."

ಸೇನಾಪತಿಯ ಮಗ ಕಲಿಗ ಮೀಸೆ ತಿರುವುತ್ತಾ ಮುಂದೆ ಬಂದ. "ದಾದಿಯೆಂದರೆ ಕಮ್ಮಾರನ ತಿದಿ."

"ತಿದಿ ಊದಿದರೆ ಕಾವು ಏರುತ್ತದೆ, ತಗ್ಗುವುದಿಲ್ಲ," ಎಂದಳು ಚಂದಲೆ. ಕಾವಲಿನವರು ಅವನ ರಟ್ಟೆ ಹಿಡಿದರು.

ವರ್ತಕನ ಮಗ ದೇವಣ ಬೆವರು ಒರೆಸಿಕೊಂಡು ಎರಡನೆಯದಕ್ಕೆ ಕೈ ಹಾಕಿದ. "ಹುತ್ತ, ತಾಯಿ. ಕತ್ತಲೆಯೆಂದರೆ ಕರಿನಾಗರ."

"ಹೊಕ್ಕ ಹಾವು ಹಾವಾಗಿಯೇ ಹೊರಗೆ ಬರುತ್ತದೆ." ಅವಳ ದನಿ ನಡುಗಿತು. ದೇವಣನ ತಾಯಿ ಅಂಗಳದಲ್ಲೇ ಕುಸಿದು ಬಿದ್ದು ಗೋಳಾಡಿದಳು. ಆಮೇಲೆ ಯಾರೂ ಎದ್ದು ನಿಲ್ಲಲಿಲ್ಲ.

ಮೋಟಾರಿನ ಪಕ್ಕ ನಿಂತಿದ್ದ ಮಾಳಿಂಗನಿಗೆ ಮೂರಕ್ಕೂ ಉತ್ತರ ಹೊಳೆದಿತ್ತು. ಹೇಳಿದರೆ ಅರಸ ಬಿಡುವುದಿಲ್ಲ. ಸುಮ್ಮನಿದ್ದರೆ ಬೆಳಗಾದರೆ ಎರಡು ಜೀವ ಹೋಗುತ್ತವೆ, ಆ ಹುಡುಗಿಯದೂ ಇನ್ನೆಷ್ಟು ದಿನವೋ. ಕಾಲು ಹಿಂದಕ್ಕೆ ಎಳೆಯುತ್ತಿದ್ದರೂ ಅವನು ಜನರನ್ನು ಸರಿಸಿಕೊಂಡು ಮುಂದೆ ಹೋದ.

"ಲೋ ಮಾಳಿಂಗ!" ಅರಸ ಗದರಿದ. "ನಿನಗೇನೋ ಇಲ್ಲಿ ಕೆಲಸ?"

"ಕುಲ ನೋಡುವುದಿಲ್ಲ ಅಂತ ಡಂಗುರ ಸಾರಿಸಿದ್ದೀರಿ ಅಪ್ಪಾಜಿ," ಎಂದಳು ಚಂದಲೆ. "ಹೇಳಪ್ಪ."

"ದಾದಿಯೆಂದರೆ ಎಂಜಿನ್ನಿನ ಕವಾಟ, ತಾಯಿ. ಎಂಜಿನ್ನು ಬಿಟ್ಟ ಹೊಗೆಯಲ್ಲಿ ಒಂದಿಷ್ಟನ್ನು ತಿರುಗಿಸಿ ಅದರ ಒಡಲಿಗೇ ಕಳಿಸುತ್ತದೆ. ಆಗ ಒಳಗಿನ ಉರಿ ತಣಿದು, ವಿಷದ ಗಾಳಿ ಕಡಿಮೆಯಾಗುತ್ತದೆ."

"ಸರಿ."

"ಜೇನುಗೂಡೆಂದರೆ ಹೊಗೆಕೊಳವೆಯಲ್ಲಿ ಕೂರಿಸುವ ಜರಡಿ. ಮೈಯೆಲ್ಲ ಸಣ್ಣ ಸಣ್ಣ ಕಂಡಿ. ಮಸಿಯನ್ನೆಲ್ಲ ಹಿಡಿದಿಟ್ಟುಕೊಂಡು ತನ್ನೊಳಗೇ ಸುಟ್ಟುಹಾಕುತ್ತದೆ."

"ಅದೂ ಸರಿ. ಮೂರನೆಯದು?"

ಅರಸನ ಕೈ ಕತ್ತಿಯ ಹಿಡಿಗೆ ಹೋಯಿತು. ಮಾಳಿಂಗ ಅದನ್ನು ನೋಡಿದ. ಏನೋ ಒಂದು ತಪ್ಪು ಉತ್ತರ ಹೇಳಿಬಿಡಲೇ ಎನ್ನಿಸಿತು. ಕಣ್ಣು ಮುಚ್ಚಿದ.

"ಬಾಗಿಲು ಕಾಯುವ ಆ ಇಬ್ಬರನ್ನೂ ಓಡಿಸಿದವರು ನಮ್ಮ ಪ್ರಭುಗಳು, ತಾಯಿ. ಲಾಯದ ಹಳೆಯ ಮೋಟಾರುಗಳಿಂದ ಅವೆರಡನ್ನೂ ಕೀಳಿಸಿದರು. ದಿನಾ ಬೆಳಿಗ್ಗೆ ನಿಮ್ಮ ಕಿಟಕಿಯ ಕೆಳಗೇ ಅವನ್ನು ಶುರುಮಾಡುತ್ತೇವೆ. ಆ ಹೊಗೆಗೇ ನೀವು ಕೆಮ್ಮುವುದು. ಪಾಪ, ಕುಂಬಾರರ ತಪ್ಪಿಲ್ಲ."

ಅರಸ ಕತ್ತಿ ಹಿರಿದು ಎರಡು ಮೆಟ್ಟಿಲು ಇಳಿದ. ಚಂದಲೆ ಎದ್ದು ಅಡ್ಡ ನಿಂತಳು. ಮಾತಾಡಲು ಬಾಯಿ ತೆರೆದವಳಿಗೆ ಕೆಮ್ಮು ಒತ್ತರಿಸಿ ಬಂತು. ಬಗ್ಗಿ ಬಗ್ಗಿ ಕೆಮ್ಮಿದಳು. ಸೆರಗು ತೆಗೆದಾಗ ಅದರ ಮೇಲೆ ರಕ್ತವಿತ್ತು.

ವೀರಬಂಕ ಅದನ್ನು ನೋಡುತ್ತಾ ನಿಂತ. ಕತ್ತಿ ಕೈಯಿಂದ ಜಾರಿ ಮೆಟ್ಟಿಲ ಮೇಲೆ ಠಣಾರನೆ ಬಿತ್ತು.

"ನಿನಗೆ ಗೊತ್ತಿತ್ತೇನಮ್ಮ?"

"ಸಾಮಾನು ಹೊರಿಸಿದ್ದನ್ನು ಕಿಟಕಿಯಿಂದ ನೋಡಿದ್ದೆ ಅಪ್ಪಾಜಿ. ಅದರ ಕೆಲಸವೇನೆಂದು ಪುಸ್ತಕದಲ್ಲಿ ಓದಿ ತಿಳಿದುಕೊಂಡೆ. ಎಷ್ಟೋ ಸಲ ಹೇಳಲು ಬಂದೆ, ಎಂಜಿನ್ನಿನ ವಿಷಯ ನಿನಗೇನು ಗೊತ್ತು ಅಂತ ನಕ್ಕಿರಿ. ಊರಿನವರೆದುರು ಯಾರ ಬಾಯಿಂದಲಾದರೂ ಬರಲಿ ಅಂತ ಒಗಟು ಕಟ್ಟಿದೆ. ನೀವು ಗಲ್ಲು ಸೇರಿಸುತ್ತೀರಿ ಅಂತ ಗೊತ್ತಿರಲಿಲ್ಲ. ಈಗ ಆಡಿದ ಮಾತು ಉಳಿಸಿಕೊಳ್ಳಿ."

ಅರಸ ತಲೆ ತಗ್ಗಿಸಿಕೊಂಡೇ ಮಾಳಿಂಗನ ಕಡೆ ತಿರುಗಿದ. "ಗೆದ್ದೆಯಪ್ಪ. ಅರ್ಧ ರಾಜ್ಯ ನಿನ್ನದು."

"ಮೊದಲು ಆ ಇಬ್ಬರನ್ನು ಬಿಡಿಸಿ ಪ್ರಭು. ಕುಂಬಾರರು, ಕಮ್ಮಾರರು ಬೆಂಕಿ ಹೊತ್ತಿಸಿಕೊಳ್ಳಲಿ. ಸಾಮಾನು ಮತ್ತೆ ಕೂರಿಸುವವರೆಗೆ ಒಂದು ಮೋಟಾರೂ ಲಾಯ ಬಿಡಬಾರದು. ಮದುವೆಯ ಮಾತು ರಾಜಕುಮಾರಿಯವರಿಗೆ ಬಿಟ್ಟದ್ದು."

ಚಂದಲೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಕೆಮ್ಮು ನಿಲ್ಲಲಿ," ಎಂದಳು. "ತಾಳಿ ಕಟ್ಟಿಸಿಕೊಳ್ಳುವಾಗ ನಾನು ನಗುತ್ತಿರಬೇಕು."

ಮಾವಿನ ಚಿಗುರು ಒಡೆಯುವ ಹೊತ್ತಿಗೆ ಕೆಮ್ಮು ನಿಂತಿತು. ಕಲಿಗ, ದೇವಣ ಮದುವೆಯ ಮೊದಲ ಪಂಕ್ತಿಯಲ್ಲೇ ಕೂತು, ಮತ್ತೊಮ್ಮೆ ಹೋಳಿಗೆ ಹಾಕಿಸಿಕೊಂಡು ಉಂಡರು. ಆ ಊರಿನ ಗಾಳಿ ಅವರ ಎದೆಗೆ ಹಿತವಾಗಿರಲಿ, ಈ ಊರಿನದು ನಮ್ಮ ನಿಮ್ಮ ಎದೆಗೆ.