ಪಡುವಣ ಕಿಟಕಿಗಳು

"ಗುರುಗಳೇ, ನಾವು ಪ್ರೀತಿಸುವವರ ಚರಿತ್ರೆ ಬರೆಯುವಾಗ ಅವರ ತಪ್ಪನ್ನೂ ಬರೆಯಬೇಕೇ, ಬಿಡಬೇಕೇ?"

ಕೇಳಿದವನು ಶಿಷ್ಯ ಚನ್ನವೀರ. ಗುರುಗಳ ಜೀವನ ಚರಿತ್ರೆಯನ್ನು ಬರೆಯಲು ಕೂತು ಅವನಿಗೆ ಎರಡು ವರ್ಷವಾಗಿತ್ತು. ಎಲ್ಲ ಮುಗಿದು ಒಂದು ಕಡೆ ಮಾತ್ರ ಲೇಖನಿ ನಿಂತಿತ್ತು. ಹಿಂದೊಮ್ಮೆ ಗುರುಗಳು ಮಠದ ಅಡುಗೆಯವನಾದ ಕೊಟ್ರಯ್ಯನನ್ನು, ದಾಸೋಹದ ಅಕ್ಕಿಯನ್ನು ಹೊರಗೆ ಸಾಗಿಸುತ್ತಾನೆಂದು, ಒಂದು ಮಾತೂ ಕೇಳದೆ ಕಳಿಸಿಬಿಟ್ಟಿದ್ದರು. ಅವನು ಒಯ್ಯುತ್ತಿದ್ದದ್ದು ಊರಾಚೆ ಹಾಸಿಗೆ ಹಿಡಿದಿದ್ದ ಒಬ್ಬ ಮುದುಕಿಗೆ ಗಂಜಿ ಎಂದು ಆಮೇಲೆ ತಿಳಿಯಿತು. ಅಷ್ಟು ಹೊತ್ತಿಗೆ ಕೊಟ್ರಯ್ಯ ಊರು ಬಿಟ್ಟಿದ್ದ. ಎಷ್ಟು ಹುಡುಕಿಸಿದರೂ ಸಿಗಲಿಲ್ಲ.

"ಹಿರಿಯರೆಲ್ಲ ಅದನ್ನು ಕೈಬಿಡು ಅನ್ನುತ್ತಾರೆ," ಎಂದ ಚನ್ನವೀರ. "ಸತ್ಯವನ್ನು ಬಿಡಲು ನನಗೆ ಮನಸ್ಸಿಲ್ಲ. ನೀವು ಸಿಟ್ಟಾದರೂ ಸರಿಯೇ." ಹೇಳುವಾಗ ಅವನ ಕತ್ತು ತುಸು ನೆಟ್ಟಗಾಗಿತ್ತು.

ಗುರುಗಳು ಆ ಕತ್ತನ್ನು ನೋಡಿದರು. "ತಪ್ಪು ನನ್ನದೇ. ಅದರಲ್ಲಿ ಸಿಟ್ಟಾಗುವುದೇನಿದೆ? ಕೂತುಕೋ," ಎಂದು ಕತೆ ಹೇಳತೊಡಗಿದರು.

ಇಬ್ಬರು ಗೆಳೆಯರಿದ್ದರು. ಒಬ್ಬ ಕಟ್ಟಡಗಳ ನಕ್ಷೆ ಹಾಕುವ ವಾಸ್ತುಶಿಲ್ಪಿ. ಇನ್ನೊಬ್ಬನ ಕೈಯಲ್ಲಿ ಸದಾ ಕ್ಯಾಮೆರಾ. ಮೊದಲು ಫೋಟೊ ತೆಗೆಯುತ್ತಿದ್ದ, ಆಮೇಲೆ ಸಾಕ್ಷ್ಯಚಿತ್ರ ಮಾಡತೊಡಗಿದ. ವಾಸ್ತುಶಿಲ್ಪಿಯ ಹೆಸರು ಗಡಿ ದಾಟಿ ಹೋಯಿತು. ಚಿತ್ರಗಾರನ ಹೆಸರು ನಾಲ್ಕು ಜನಕ್ಕೆ ಗೊತ್ತಾಗುವಷ್ಟರಲ್ಲಿ ನಿಂತಿತು. ಆದರೂ ಸ್ನೇಹ ಕೆಡಲಿಲ್ಲ. ಅದೇನು ಸಣ್ಣ ಮಾತಲ್ಲ.

ಇಬ್ಬರ ತಲೆಯೂ ಬೆಳ್ಳಗಾದ ಮೇಲೆ ಒಂದು ದಿನ ಚಿತ್ರಗಾರ ಹೇಳಿದ: "ನಿನ್ನ ಮೇಲೆ ಒಂದು ಚಿತ್ರ ಮಾಡ್ತೀನಿ ಕಣೋ. ಆದ್ರೆ ಹೊಗಳೋಕಲ್ಲ. ನೀನು ಕಟ್ಟಿದ್ದು ಎಲ್ಲಿ ಸೋರುತ್ತೋ ಅಲ್ಲೂ ಕ್ಯಾಮೆರಾ ಇಡ್ತೀನಿ."

"ಇಡು. ಮುಗಿದ ಮೇಲೆ ನನಗೂ ಒಂದ್ಸಲ ತೋರಿಸು, ಅಷ್ಟೇ," ಎಂದ ವಾಸ್ತುಶಿಲ್ಪಿ.

ಚಿತ್ರಗಾರ ಮೂರು ವರ್ಷ ಗೆಳೆಯನ ಬೆನ್ನು ಬಿಡಲಿಲ್ಲ. ಗೆಳೆಯ ಕಟ್ಟಿದ ಗ್ರಂಥಾಲಯಕ್ಕೆ ಮಳೆ ಬರುವ ದಿನವೇ ಹೋದ. ಅಲ್ಲಿ ಕಪಾಟುಗಳ ನಡುವೆ ಬಕೆಟ್ಟುಗಳನ್ನು ಇಟ್ಟಿದ್ದರು, ಓದುವವರು ಅವುಗಳನ್ನು ದಾಟಿಕೊಂಡು ಓಡಾಡುತ್ತಿದ್ದರು. ಅದನ್ನು ತೆಗೆದ. ಕಾಲೇಜಿನ ಮೆಟ್ಟಿಲ ಬಳಿ ಒಂದು ಬೆಳಗ್ಗೆ ಪೂರ್ತಿ ನಿಂತ. ಅಂದಕ್ಕೆಂದು ಒಂದು ಬೆರಳು ಎತ್ತರಿಸಿದ ನಾಲ್ಕನೆಯ ಮೆಟ್ಟಿಲಿಗೆ ಬಂದವರೆಲ್ಲ ಎಡವಿದರು, ಪ್ರಾಂಶುಪಾಲರೂ ಎಡವಿದರು. ಅದನ್ನೂ ತೆಗೆದ.

ಕೊನೆಗೆ ಉಳಿದದ್ದು ನೇಕಾರರಿಗಾಗಿ ಕಟ್ಟಿದ ಮಗ್ಗದ ಮನೆ. ಅದು ವಾಸ್ತುಶಿಲ್ಪಿಯ ಮೊದಲ ಕಟ್ಟಡ. ಪಡುವಣ ದಿಕ್ಕಿನ ದೊಡ್ಡ ದೊಡ್ಡ ಕಿಟಕಿಗಳಿಂದ ಇಳಿಹೊತ್ತಿನ ಬೆಳಕು ಸಾಲು ಮಗ್ಗಗಳ ಮೇಲೆ ಬಿದ್ದ ಒಂದು ಫೋಟೊ ಆ ಕಾಲದಲ್ಲಿ ಎಲ್ಲ ಪತ್ರಿಕೆಗಳಲ್ಲೂ ಅಚ್ಚಾಗಿತ್ತು. ವಾಸ್ತುಶಿಲ್ಪಿಯ ಹೆಸರು ಹೊರಗೆ ಬಂದದ್ದೇ ಆ ಫೋಟೊದಿಂದ. ಈಗ ಅಲ್ಲಿ ಮಗ್ಗಗಳಿಲ್ಲ, ಗೊಬ್ಬರದ ಚೀಲಗಳಿವೆ. ಚಿತ್ರಗಾರ ಪಕ್ಕದ ಕೇರಿಯಲ್ಲಿ ಒಬ್ಬ ನೇಕಾರ ಮುದುಕಿಯನ್ನು ಹುಡುಕಿ ಕ್ಯಾಮೆರಾದ ಮುಂದೆ ಕೂರಿಸಿದ.

"ಬೆಳಕೇನೋ ಚೆಂದಿತ್ತಪ್ಪ, ನೂಲು ತಡೀಲಿಲ್ಲ," ಎಂದಳು ಅವಳು. "ಬಿಸ್ಲು ಹೊಡ್ದು ಹೊಡ್ದು ಎಳೆ ಎಲ್ಲ ಪಟಪಟ ಅಂತ ಹರೀತಿದ್ವು. ಕಿಟಕಿಗೆ ಗೋಣಿಚೀಲ ಕಟ್ಟಿ ನೋಡಿದ್ವಿ. ಆಗ್ಲಿಲ್ಲ. ಮಗ್ಗ ಬಿಚ್ಕೊಂಡು ಮನೆಗೋದ್ವಿ. ಆ ಕಿಟಕಿ ಇಟ್ಟ ಪುಣ್ಯಾತ್ಮನ್ನ ಇವತ್ತಿಗೂ ಬೈಕೊಂತೀನಿ."

ಸುದ್ದಿ ತಿಳಿದು ವಾಸ್ತುಶಿಲ್ಪಿಯ ಶಿಷ್ಯರು ಓಡಿಬಂದರು. "ಇದೊಂದನ್ನ ಬಿಟ್ಟುಬಿಡಿ ಸಾರ್. ಅವರ ಮೊದಲ ಕೂಸು ಅದು." ಚಿತ್ರಗಾರ ಜಗ್ಗಲಿಲ್ಲ. ಸ್ನೇಹ ಹೋದರೆ ಹೋಗಲಿ, ಸತ್ಯಕ್ಕೆ ಕತ್ತರಿ ಹಾಕುವುದಿಲ್ಲ ಎಂದ. ಹಾಗೆ ಹೇಳುವಾಗ ಅವನಿಗೆ ಬಹಳ ಸಮಾಧಾನವಾಯಿತು. ತನ್ನ ಬಗ್ಗೆ ತನಗೇ ಅಷ್ಟು ಸಮಾಧಾನವಾದಾಗ ಮನುಷ್ಯ ಸ್ವಲ್ಪ ಎಚ್ಚರವಾಗಿರಬೇಕು. ಇವನು ಇರಲಿಲ್ಲ.

ಚಿತ್ರ ಮುಗಿಯಿತು. ಮೊದಲ ಪ್ರದರ್ಶನಕ್ಕೆ ದಿನ ಗೊತ್ತಾಯಿತು, ಆಹ್ವಾನಗಳೂ ಹೋದವು. ಅದಕ್ಕೆ ಹತ್ತು ದಿನ ಮುಂಚೆ, ಕೊಟ್ಟ ಮಾತಿನಂತೆ, ಚಿತ್ರಗಾರ ಗೆಳೆಯನ ಮನೆಗೆ ಹೋಗಿ ಅವನೊಬ್ಬನಿಗೇ ಚಿತ್ರ ತೋರಿಸಿದ. ಗ್ರಂಥಾಲಯದ ಬಕೆಟ್ಟುಗಳು ಬಂದಾಗ ವಾಸ್ತುಶಿಲ್ಪಿ ನಕ್ಕುಬಿಟ್ಟ. ಆ ಹಳೆಯ ಫೋಟೊ ಬಂದು, ಹಿಂದೆಯೇ ಮುದುಕಿ ಬಂದಾಗ ಕೈಕಟ್ಟಿ ಕೂತ. ಮುಗಿದ ಮೇಲೆ ಎದ್ದು ಹೇಳಿದ: "ಒಂದು ಚೂರೂ ತೆಗೀಬೇಡ. ಎಲ್ಲ ನಿಜ." ಗೆಳೆಯನನ್ನು ಬಾಗಿಲವರೆಗೆ ಬಂದು ಬೀಳ್ಕೊಟ್ಟ. ಅಲ್ಲಿ ನಿಂತು ಇನ್ನೊಂದು ಮಾತು ಹೇಳಿದ.

"ಆ ಸಂಜೆ ಬೆಳಕಿನ ಫೋಟೊ ಮಾತ್ರ ಬಹಳ ಚೆನ್ನಾಗಿ ಬಂದಿತ್ತು, ಅಲ್ವೇನೋ?"

ಕುಹಕವಿರಲಿಲ್ಲ. ಫೋಟೊ ತೆಗೆದವನು ಈ ಚಿತ್ರಗಾರನೇ. ಮೆಟ್ಟಿಲಿಳಿಯುತ್ತ ಅವನ ಕಾಲು ನಿಧಾನವಾಯಿತು.

ಮಗ್ಗದ ಮನೆಯ ಮೊದಲ ನಕ್ಷೆಯಲ್ಲಿ ಕಿಟಕಿಗಳು ಬಡಗಣಕ್ಕಿದ್ದವು. ನೇಕಾರರು ಕೇಳಿದಂತೆ ಸಣ್ಣವು, ತಲೆಗಿಂತ ಮೇಲೆ. ಪಾಯದ ಕಲ್ಲಿನ ಮೇಲೆ ಕಾಲಾಡಿಸುತ್ತ ಕೂತು, "ಪಡುವಣಕ್ಕೆ ದೊಡ್ಡ ಕಿಟಕಿ ಇಡೋ. ಸಂಜೆ ಬೆಳಕು ಮಗ್ಗದ ಮೇಲೆ ಬಿದ್ರೆ ಎಂಥಾ ಫೋಟೊ ಬರುತ್ತೆ ಗೊತ್ತಾ?" ಎಂದವನು ಇವನು. ವಾಸ್ತುಶಿಲ್ಪಿ ಎರಡು ದಿನ ಒಪ್ಪಲಿಲ್ಲ. ಇವನು ಎರಡು ದಿನವೂ ಪ್ರಾಣ ಹಿಂಡಿದ. ಮೂರನೆಯ ದಿನ ನಕ್ಷೆ ಬದಲಾಯಿತು.

ಮರೆತಿದ್ದನೇ ಎಂದರೆ, ಇಲ್ಲ. ಚಿತ್ರವನ್ನು ಜೋಡಿಸುವಾಗ ನಾಲ್ಕಾರು ಸಲ ನೆನಪಾಗಿತ್ತು. ಕೇಳಿದ್ದು ನಾನಾದರೂ ಕಟ್ಟಿದ್ದು ಅವನು, ಚಿತ್ರ ಇರುವುದೂ ಅವನ ಮೇಲೆ ಎಂದು ಪ್ರತಿ ಸಲವೂ ಮುಂದಕ್ಕೆ ಹೋಗಿದ್ದ. ಮೂರು ವರ್ಷದಲ್ಲಿ ಅವನು ಸತ್ಯಕ್ಕೆ ಕತ್ತರಿ ಹಾಕಿದ್ದು ಒಂದೇ ಜಾಗದಲ್ಲಿ. ಅಲ್ಲಿ ನಿಂತಿದ್ದವನು ಅವನೇ. ಅವನಿಗೆ ನಾಚಿಕೆಯಾಯಿತು. ನಡುಬೀದಿಯಲ್ಲಿ ನಿಂತು ಮುಖ ಒರೆಸಿಕೊಳ್ಳುವಷ್ಟು ನಾಚಿಕೆಯಾಯಿತು.

ಸುಮ್ಮನಿರಬಹುದಿತ್ತು. ವಿಷಯ ಗೊತ್ತಿದ್ದವರು ಇಬ್ಬರೇ, ಇನ್ನೊಬ್ಬ ಬಾಯಿ ಬಿಡುವವನಲ್ಲ. ಆದರೆ ಈ ಮನುಷ್ಯ ಹಟಮಾರಿ, ಆ ಹಟ ಈಗ ಕೆಲಸಕ್ಕೆ ಬಂತು. ಮಾರನೆಯ ಬೆಳಗ್ಗೆಯೇ ಬಸ್ಸು ಹತ್ತಿ ಮುದುಕಿಯ ಮನೆಗೆ ಹೋದ. ಕ್ಯಾಮೆರಾವನ್ನು ಅದರ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ. ಜೀವಮಾನದಲ್ಲಿ ಮೊದಲ ಸಲ ಅದರ ಹಿಂದಿನಿಂದ ಮುಂದಕ್ಕೆ ಬಂದು ಅವಳ ಪಕ್ಕದಲ್ಲಿ ಕೂತ.

"ಅವ್ವ, ಆ ಕಿಟಕಿ ಅಲ್ಲಿ ಇಡಿಸಿದ್ದು ನಾನು. ಫೋಟೊ ಚೆನ್ನಾಗಿ ಬರ್ಲಿ ಅಂತ."

ಮುದುಕಿ ಅವನ ಮುಖವನ್ನೇ ನೋಡಿದಳು. "ಬರೇ ಫೋಟೊ ಸಲುವಾಗಾ?"

"ಹೌದವ್ವ."

"ಇಷ್ಟು ವರ್ಸ ಆ ಯಪ್ಪ ಒಬ್ಬನ್ನೇ ಬೈದೆ," ಎಂದಳು ಅವಳು. "ಇನ್ಮ್ಯಾಗೆ ಅರ್ಧ ನಿಂಗೆ."

ಅವಳು ನಗಲಿಲ್ಲ. ಅವನೂ ನಗಲಿಲ್ಲ. ಆ ಮಾತನ್ನು ಹಾಗೆಯೇ ಚಿತ್ರಕ್ಕೆ ಸೇರಿಸಿದ. ಪ್ರದರ್ಶನದ ದಿನ ಅವನು ಹಿಂದಿನ ಗೋಡೆಗೆ ಒರಗಿ ನಿಂತಿದ್ದ. ಆ ಭಾಗ ಬಂದಾಗ ಮುಂದಿನ ಬೆಂಚಿನಲ್ಲಿದ್ದ ವಾಸ್ತುಶಿಲ್ಪಿ ಹಿಂದೆ ತಿರುಗಿ ಅವನನ್ನು ಹುಡುಕಿ, ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ.

ಗುರುಗಳು ಕತೆ ನಿಲ್ಲಿಸಿದರು.

ಚನ್ನವೀರನ ಮುಖ ಅರಳಿತು. "ಅಂದರೆ ಬರೆಯಬೇಕು ಎಂದೇ ಆಯಿತು. ಕೊಟ್ರಯ್ಯನ ವಿಷಯವನ್ನು ಇವತ್ತೇ ಬರೆದು ಮುಗಿಸುತ್ತೇನೆ," ಎಂದು ಲೇಖನಿ ಕೈಗೆತ್ತಿಕೊಂಡ.

"ಬರೆ," ಎಂದರು ಗುರುಗಳು. "ಅಂದು ಅವನ ಮೇಲೆ ನನಗೆ ದೂರು ತಂದವನು ನೀನು ಎಂಬ ಸಾಲನ್ನೂ ಮರೆಯದೆ ಬರೆ."