ಗಟ್ಟಿ ಬಿಲ್ಲೆ, ರಂಧ್ರದ ಬಿಲ್ಲೆ

ವಿದ್ಯುತ್ ಬಸ್ಸೊಂದರ ಬ್ಯಾಟರಿ ಪೆಟ್ಟಿಗೆಯಲ್ಲಿ ವಿದ್ಯುತ್ತನ್ನು ಕೂಡಿಡುವ, ಮ್ಯಾಂಗನೀಸ್ ಆಕ್ಸೈಡಿನ ಎರಡು ಬಿಲ್ಲೆಗಳಿದ್ದವು. ಒಂದು ಕಲ್ಲಿನಂತೆ ಗಟ್ಟಿ. ಇನ್ನೊಂದರ ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು.

"ಇಷ್ಟು ತೂತಿರುವ ನಿನ್ನೊಳಗೆ ಏನು ತಾನೇ ನಿಂತೀತು?" ಎಂದು ಗಟ್ಟಿ ಬಿಲ್ಲೆ ನಕ್ಕಿತು.

ಅಷ್ಟರಲ್ಲಿ ಇಳಿಜಾರು ಬಂತು. ಚಾಲಕಿ ಬ್ರೇಕ್ ಒತ್ತಿದಳು. ವೇಗ ತಗ್ಗುತ್ತಿದ್ದ ಚಕ್ರಗಳ ತಿರುಗಾಟದಿಂದ ಹುಟ್ಟಿದ ವಿದ್ಯುತ್ತು ಓಡೋಡಿ ಬಂದು, "ಬೇಗ ಒಳಗೆ ಬಿಡಿ, ತಡವಾದರೆ ಬಿಸಿಯಾಗಿ ಹಾಳಾಗಿ ಹೋಗುತ್ತೇನೆ!" ಎಂದಿತು.

"ನನಗಿರುವುದು ಹೊರಮೈ ಒಂದೇ. ಸಾಲಾಗಿ ಬಾ," ಎಂದಿತು ಗಟ್ಟಿ ಬಿಲ್ಲೆ.

"ನನಗೆ ಒಳಗೂ ಹೊರಗೂ ಬಾಗಿಲೇ. ಎಲ್ಲಿಂದಾದರೂ ಬಾ," ಎಂದಿತು ರಂಧ್ರದ ಬಿಲ್ಲೆ.

ವಿದ್ಯುತ್ತು ಅದರೊಳಗೇ ನುಗ್ಗಿತು.

ಮುಂದೆ ಕಡಿದಾದ ಏರಿನಲ್ಲಿ ಬಸ್ಸು ನಿಂತೇಬಿಡುವಂತಾಯಿತು. ರಂಧ್ರದ ಬಿಲ್ಲೆ ತನ್ನಲ್ಲಿದ್ದುದನ್ನೆಲ್ಲ ಒಮ್ಮೆಗೇ ಕೊಟ್ಟಿತು. ಬಸ್ಸು ಗಟ್ಟಿ ಬಿಲ್ಲೆಯನ್ನೂ ಹೊತ್ತುಕೊಂಡು ದಿಬ್ಬ ಹತ್ತಿತು.